ಗಿಲ್ಬರ್ಟ್‌ನ ದನಿಯನ್ನು ಮೊದಲು ಕೇಳಿ

ಪ್ರಿಯ ಲೇಖಕರೇ,

ಮೂಕಿ ಚಿತ್ರಗಳ ಕಾಲದ ಹಾಲಿವುಡ್ ನಾಯಕ ಜಾನ್ ಗಿಲ್ಬರ್ಟ್ ಕುರಿತ ನಿಮ್ಮ ಲೇಖನವನ್ನು ನಿಧಾನವಾಗಿ ಓದಿದೆ. ಭಾಷೆ ಓದಿಸಿಕೊಂಡು ಹೋಗುತ್ತದೆ. ಆದರೆ ಈಗ ಇರುವ ರೂಪದಲ್ಲಿ ಇದನ್ನು ಪ್ರಕಟಿಸಲಾರೆ. ಕಾರಣವನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ.

"ಸಿನಿಮಾಕ್ಕೆ ಮಾತು ಬಂದ ದಿನವೇ ಕೀರಲು ದನಿ ಅವನನ್ನು ಮುಗಿಸಿತು" ಎಂದು ಮೊದಲ ಸಾಲಿನಲ್ಲೇ ತೀರ್ಪು ಕೊಟ್ಟಿದ್ದೀರಿ. ಮುಂದಿನ ಪುಟಗಳೆಲ್ಲ ಆ ತೀರ್ಪಿಗೆ ಸಾಕ್ಷಿ ಹೊಂದಿಸಲು ಓಡಾಡುತ್ತವೆ. ಇದು ದಶಕಗಳಿಂದ ಬಾಯಿಂದ ಬಾಯಿಗೆ ಬಂದ ಕಥೆ. ಆದರೆ ಗಿಲ್ಬರ್ಟ್ ಮಾತನಾಡಿದ ಚಿತ್ರಗಳು ಉಳಿದಿವೆ, ಅವುಗಳಲ್ಲಿ ಒಂದನ್ನಾದರೂ ನೀವು ನೋಡಿದ ಗುರುತು ಬರಹದಲ್ಲಿಲ್ಲ. 1933ರ 'ಕ್ವೀನ್ ಕ್ರಿಸ್ಟಿನಾ' ನೋಡಿ. ನಟಿ ಗ್ರೇಟಾ ಗಾರ್ಬೊ ಎದುರು ನಿಂತವನ ದನಿ ಸ್ಪಷ್ಟವಾಗಿದೆ, ಸಾಧಾರಣ ಗಂಡಸಿನ ದನಿ. ಆ ಉರಿಯುವ ಕಣ್ಣುಗಳಿಗೆ ಪ್ರೇಕ್ಷಕರು ಮನಸ್ಸಿನಲ್ಲೇ ಕೊಟ್ಟುಕೊಂಡಿದ್ದ ದನಿಗಿಂತ ತುಸು ತೆಳುವಾಗಿದ್ದಿರಬಹುದು, ಅಷ್ಟೇ.

ಹಾಗಾದರೆ 1929ರಲ್ಲಿ ಅವನ ಮಾತಿನ ಚಿತ್ರ 'ಹಿಸ್ ಗ್ಲೋರಿಯಸ್ ನೈಟ್' ನೋಡಿ ಜನ ನಕ್ಕದ್ದೇಕೆ? ನಿಮ್ಮ ಲೇಖನದ ಜೀವ ಇರಬೇಕಾದದ್ದು ಈ ಪ್ರಶ್ನೆಯಲ್ಲಿ. ಮೂಕಿಯಲ್ಲಿ ಪ್ರೇಮ ನಿವೇದನೆ ಎಂದರೆ ಕಣ್ಣಿನ, ಕೈಯ, ಉಸಿರಿನ ಕೆಲಸ. ಮಾತು ಬೇಕಾದಾಗ ಅಕ್ಷರದ ಫಲಕವೊಂದು ಬಂದು ಹೋಗುತ್ತಿತ್ತು, ಉಳಿದದ್ದನ್ನು ಚಿತ್ರಮಂದಿರದ ವಾದ್ಯಗಳು ತುಂಬುತ್ತಿದ್ದವು. ಈ ಚಿತ್ರದಲ್ಲಿ ಅದೇ ಆವೇಶ ಉಳಿಯಿತು, ಅದರ ಮೇಲೆ "ಐ ಲವ್ ಯೂ" ಎಂಬ ಮಾತು ಮತ್ತೆ ಮತ್ತೆ ಕಿವಿಗೆ ಬಿತ್ತು. ನಗು ತರಿಸಿದ್ದು ಆ ಸಂಭಾಷಣೆ ಎಂದು ನಾನು ನಂಬುತ್ತೇನೆ. ಅದೇ ವರ್ಷ, ಇದಕ್ಕೆ ಮೊದಲು ತೆರೆಕಂಡ 'ದಿ ಹಾಲಿವುಡ್ ರೆವ್ಯೂ'ನಲ್ಲಿ ಅವನು ನಟಿ ನಾರ್ಮಾ ಶಿಯರರ್ ಜೊತೆ ರೋಮಿಯೋನ ಮಾತುಗಳನ್ನು ಆಡಿದ್ದ. ಜನ ಅವನ ದನಿಯನ್ನು ಆಗಲೇ ಕೇಳಿದ್ದರು. ಇಷ್ಟು ಮುಖ್ಯವಾದ ಸಂಗತಿ ನಿಮ್ಮಲ್ಲಿಲ್ಲ.

ಎಂಜಿಎಂ ಸ್ಟುಡಿಯೋ ಮುಖ್ಯಸ್ಥ ಲೂಯಿ ಬಿ. ಮೇಯರ್ ಬೇಕೆಂದೇ ಧ್ವನಿಮುದ್ರಣ ಕೆಡಿಸಿದ ಎಂದು ಖಚಿತವಾಗಿ ಬರೆದಿದ್ದೀರಿ. ಇಬ್ಬರಿಗೂ ಆಗಿಬರುತ್ತಿರಲಿಲ್ಲ, ನಿಜ. ಕೆಡಿಸಿದ್ದು ಮಾತ್ರ ವದಂತಿ, ವದಂತಿ ಎಂದೇ ಬರೆಯಿರಿ. ಚಿತ್ರವೊಂದಕ್ಕೆ ಎರಡೂವರೆ ಲಕ್ಷ ಡಾಲರ್ ಕೊಡುವ ಒಪ್ಪಂದವನ್ನು 1928ರಲ್ಲಿ ಅದೇ ಎಂಜಿಎಂ ಅವನೊಂದಿಗೆ ಮಾಡಿಕೊಂಡಿತ್ತು ಎಂಬುದನ್ನೂ ಓದುಗರಿಗೆ ತಿಳಿಸಿ.

ನನಗೆ ಹೆಚ್ಚು ಬೇಸರವಾದದ್ದು ಬೇರೆ ಕಡೆ. ಗಾರ್ಬೊ ಜೊತೆಗಿನ ಪ್ರೇಮಕ್ಕೆ ಪುಟಗಟ್ಟಲೆ ಕೊಟ್ಟಿದ್ದೀರಿ, 1925ರ 'ದಿ ಬಿಗ್ ಪರೇಡ್'ಗೆ ಒಂದೇ ಸಾಲು. ಮೀಸೆಯಿಲ್ಲದ ಮುಖದಲ್ಲಿ, ಸಾಮಾನ್ಯ ಸೈನಿಕನಾಗಿ ಅವನು ಮಾಡಿದ ಕೆಲಸ ಅದು. ಸೈನಿಕರ ಲಾರಿ ಹೊರಡುತ್ತದೆ, ಹಳ್ಳಿಯ ಹುಡುಗಿ ಅದಕ್ಕೆ ಜೋತುಬೀಳುತ್ತಾಳೆ. ಅವಳ ಕೈ ತಪ್ಪಿದಾಗ ಅವನು ತನ್ನ ಕೈಗಡಿಯಾರವನ್ನು, ಕೊನೆಗೆ ಕಾಲಿನ ಬೂಟನ್ನೂ ಅವಳತ್ತ ಎಸೆಯುತ್ತಾನೆ. ಈ ದೃಶ್ಯವನ್ನು ನಿಮ್ಮ ಮಾತಿನಲ್ಲಿ ಬರೆಯಿರಿ. ಅವನನ್ನು ಕೋಟ್ಯಂತರ ಜನ ಏಕೆ ಪ್ರೀತಿಸಿದರು ಎಂಬುದಕ್ಕೆ "ಮಹಾನ್ ನಟ" ಎಂಬ ವಿಶೇಷಣ ಆಗ ಬೇಕಾಗುವುದಿಲ್ಲ.

1932ರ 'ಡೌನ್‌ಸ್ಟೇರ್ಸ್' ಬಗ್ಗೆ ನೀವು ಚಕಾರ ಎತ್ತಿಲ್ಲ. ಅದರ ಕಥೆ ಗಿಲ್ಬರ್ಟ್‌ನದೇ. ಹೆಂಗಸರನ್ನು ವಂಚಿಸಿ ಹಣ ಕೀಳುವ ನೀಚ ಕಾರು ಚಾಲಕನ ಪಾತ್ರವನ್ನು ಅವನು ತನಗಾಗಿ ಸೃಷ್ಟಿಸಿಕೊಂಡ. ತೆರೆಯ ಮೇಲೆ ಪ್ರೀತಿಸಲ್ಪಡುವುದನ್ನೇ ವೃತ್ತಿ ಮಾಡಿಕೊಂಡಿದ್ದವನು, ಯಾರೂ ಪ್ರೀತಿಸಲಾಗದ ಮನುಷ್ಯನ ಪಾತ್ರವನ್ನು ಕೇಳಿ ಪಡೆದ, ಅದನ್ನು ಅದ್ಭುತವಾಗಿ ಅಭಿನಯಿಸಿದ. ಲೇಖನವನ್ನು ಇಲ್ಲಿಂದಲೇ ಆರಂಭಿಸಿ.

ಕುಡಿತ ಮತ್ತು ಸಾವಿನ ಕೊನೆಯ ಪುಟವನ್ನು ತೆಗೆಯಿರಿ. 1936ರ ಜನವರಿಯಲ್ಲಿ, 38ನೇ ವಯಸ್ಸಿಗೆ, ಹೃದಯಾಘಾತದಿಂದ ತೀರಿಕೊಂಡ ಎಂಬಷ್ಟು ಸಾಕು. ಈ ಚಿತ್ರಗಳನ್ನು ನೋಡಿ ಹೊಸದಾಗಿ ಬರೆದು ನನ್ನ ಹೆಸರಿಗೇ ಕಳುಹಿಸಿ. ಅವಸರವಿಲ್ಲ.

ವಿಶ್ವಾಸದಿಂದ,
ಸಂಪಾದಕ