ಯೂನಿಯನ್ ಸೇರಿದ್ದಕ್ಕೆ ಕೆಲಸದಿಂದ ತೆಗೆದಿದ್ದಾರೆ, ಕಾನೂನಿನಲ್ಲಿ ಏನು ದಾರಿ?

ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ಟೈಲರ್ ಆಗಿದ್ದ ನಿಮ್ಮನ್ನು ಯೂನಿಯನ್ ಸಮಿತಿಗೆ ಆಯ್ಕೆಯಾದ ಮೇಲೆ ‘ದುರ್ವರ್ತನೆ’ಯ ನೆಪದಲ್ಲಿ ಗೇಟಿನಲ್ಲೇ ತಡೆದಿದ್ದಾರೆ, ರಾಜೀನಾಮೆ ಬರೆದುಕೊಟ್ಟರೆ ಬಾಕಿ ಹಣ ಕೊಡುತ್ತೇವೆ ಎನ್ನುತ್ತಿದ್ದಾರೆ ಎಂದಿದ್ದೀರಿ. ಬರೆದುಕೊಡಬೇಡಿ. ಮಿಕ್ಕದ್ದೆಲ್ಲ ಆಮೇಲೆ. ಸಹಿ ಬಿದ್ದರೆ ನಿಮ್ಮನ್ನು ಯಾರೂ ತೆಗೆದಿಲ್ಲ, ನೀವೇ ಬಿಟ್ಟಿರಿ ಎಂದಾಗುತ್ತದೆ. ನಾನು ಕಾರ್ಮಿಕರ ಪರ ವಕಾಲತ್ತು ಮಾಡುವವಳು. ಗೆಲ್ಲಬಹುದಾದ ಪ್ರಕರಣಗಳು ಈ ಒಂದು ಹಾಳೆಯಿಂದ ಮುಳುಗುವುದನ್ನು ನೋಡುತ್ತಲೇ ಇದ್ದೇನೆ.

ಇವತ್ತೇ ಸ್ಪೀಡ್ ಪೋಸ್ಟ್‌ನಲ್ಲಿ ಕಾಗದ ಹಾಕಿ: ಕೆಲಸಕ್ಕೆ ಬಂದಿದ್ದೇನೆ, ಒಳಗೆ ಬಿಡುತ್ತಿಲ್ಲ. ಇಲ್ಲದಿದ್ದರೆ ಹೇಳದೆ ಕೇಳದೆ ಗೈರುಹಾಜರಾದಿರಿ ಎಂಬ ನೋಟಿಸ್ ಮನೆಗೆ ಬರುತ್ತದೆ.

ಯೂನಿಯನ್ ಚಟುವಟಿಕೆಗಾಗಿ ವಜಾ ಮಾಡುವುದು 1947ರ ಕೈಗಾರಿಕಾ ವಿವಾದಗಳ ಕಾಯ್ದೆಯಲ್ಲೂ ಅನುಚಿತ ಕಾರ್ಮಿಕ ಪದ್ಧತಿಯಾಗಿತ್ತು, 2025ರ ನವೆಂಬರ್ 21ರಿಂದ ಜಾರಿಯಾದ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲೂ ಹಾಗೆಯೇ ಇದೆ. ದಂಡ 10 ಸಾವಿರದಿಂದ 2 ಲಕ್ಷ ರೂಪಾಯಿ. ದೊಡ್ಡ ಕಾರ್ಖಾನೆಗೆ ಅದು ಕಾಫಿ ತಿಂಡಿಯ ಖರ್ಚು. ನಿಮಗೆ ಬೇಕಾದದ್ದು ಮರುನೇಮಕ, ಹಿಂಬಾಕಿ ವೇತನ. ಅದಕ್ಕೆ ಕಾರ್ಮಿಕ ಇಲಾಖೆಯ ಸಂಧಾನಾಧಿಕಾರಿಗೆ ಅರ್ಜಿ ಕೊಡಬೇಕು. ವಜಾ ವಿವಾದವನ್ನು ನೀವೊಬ್ಬರೇ ಎತ್ತಬಹುದು. ಎರಡು ವರ್ಷ ದಾಟಿದರೆ ಸಂಧಾನ ನಡೆಸುವುದಿಲ್ಲ. ಸಂಧಾನ ಮುರಿದು ವರದಿ ಕೈಗೆ ಬಂದರೆ 90 ದಿನಗಳೊಳಗೆ ಕೈಗಾರಿಕಾ ನ್ಯಾಯಮಂಡಳಿಗೆ ಹೋಗಬಹುದು.

ಕಷ್ಟವಿರುವುದು ಪುರಾವೆಯಲ್ಲಿ. ‘ಯೂನಿಯನ್’ ಎಂಬ ಪದವನ್ನು ಯಾವ ಆಡಳಿತವೂ ವಜಾ ಆದೇಶದಲ್ಲಿ ಬರೆಯುವುದಿಲ್ಲ. ಆದ್ದರಿಂದ ತಾರೀಖುಗಳೇ ಮಾತನಾಡಬೇಕು. ಸಮಿತಿಯ ಪಟ್ಟಿ ಕಂಪನಿಗೆ ತಲುಪಿದ ಸ್ವೀಕೃತಿ, ಅದಕ್ಕೂ ಮುಂಚೆ ಒಂದೂ ಮೆಮೊ ಇಲ್ಲದ ಸೇವಾ ದಾಖಲೆ, ಆಮೇಲೆ ಸಾಲಾಗಿ ಬಂದ ಮೆಮೊಗಳು: ಇವನ್ನು ಜೋಡಿಸಿಡಿ. ಆಂತರಿಕ ವಿಚಾರಣೆ ನಡೆಸಲಿಲ್ಲ ಎಂಬುದೊಂದನ್ನೇ ನಂಬಿ ಕೂರಬೇಡಿ. ಆರೋಪವನ್ನು ನ್ಯಾಯಮಂಡಳಿಯ ಮುಂದೆಯೇ ಸಾಬೀತುಪಡಿಸಲು ಆಡಳಿತಕ್ಕೆ ಅವಕಾಶ ಸಿಗುತ್ತದೆ.

ಪ್ರಕರಣಗಳು ವರ್ಷಗಟ್ಟಲೆ ಎಳೆಯುತ್ತವೆ, ಮುಚ್ಚಿಡುವುದೇಕೆ? ನೀವು ಹೊಲಿಯುತ್ತಿದ್ದ ಬಟ್ಟೆ ಯಾವ ವಿದೇಶಿ ಬ್ರ್ಯಾಂಡಿನದು ಎಂದು ಯೂನಿಯನ್‌ಗೆ ತಿಳಿಸಿ. 2020ರ ಜೂನ್‌ನಲ್ಲಿ ಶ್ರೀರಂಗಪಟ್ಟಣದ ಕಾರ್ಖಾನೆಯೊಂದು ಸುಮಾರು 1,200 ಕಾರ್ಮಿಕರನ್ನು ಹೊರಹಾಕಿದಾಗ, ಯೂನಿಯನ್ ಬ್ರ್ಯಾಂಡಿನ ಮೇಲೂ ಒತ್ತಡ ತಂದು 2021ರ ಫೆಬ್ರುವರಿಯಲ್ಲಿ ಮರುನೇಮಕದ ಒಪ್ಪಂದ ಮಾಡಿಸಿಕೊಂಡಿತು.

ಇನ್ನು ಬಾಕಿ ಹಣ. ವೇತನ ಸಂಹಿತೆಯ ಪ್ರಕಾರ, ಕೆಲಸದಿಂದ ತೆಗೆದ ಎರಡು ಕೆಲಸದ ದಿನಗಳೊಳಗೆ ದುಡಿದ ಸಂಬಳ ಕೊಡಬೇಕು. ಅದಕ್ಕೆ ರಾಜೀನಾಮೆಯ ಷರತ್ತಿಲ್ಲ. ಹಣ ಪಡೆಯುವಾಗ ‘ಪೂರ್ಣ ಮತ್ತು ಅಂತಿಮ’ ಎಂಬ ಸಾಲಿದ್ದರೆ, ‘ವಿವಾದದ ಹಕ್ಕು ಕಾಯ್ದಿರಿಸಿ ಪಡೆದಿದ್ದೇನೆ’ ಎಂದು ಕೈಯಾರೆ ಬರೆದು, ಫೋಟೊ ತೆಗೆದುಕೊಂಡ ಮೇಲೆಯೇ ಸಹಿ ಹಾಕಿ.