ಪ್ರತಿಕ್ರಿಯೆ: ಬಾಡಿಗೆ ಬಾಕ್ಸ್ ಇಲ್ಲದೆ ಕೇಬಲ್ ಎಚ್‌ಡಿ ಬರುತ್ತಾ?
ನಮಸ್ಕಾರ. ಅಮೆರಿಕದ ನ್ಯೂಜೆರ್ಸಿಯ ಎಡಿಸನ್‌ನಲ್ಲಿ ಹೊಸದಾಗಿ ಮನೆ ಮಾಡಿದ್ದೀರಿ, ಕೇಬಲ್ ಕಂಪನಿಯ ಬಾಡಿಗೆ ಸೆಟ್‌ಟಾಪ್ ಬಾಕ್ಸ್ ಬೇಡ, ಗೋಡೆಯ ಕೇಬಲ್ ವೈರನ್ನು ನೇರ ಟಿವಿಗೆ ಸಿಕ್ಕಿಸಿದರೆ ಎಚ್‌ಡಿ ಬರುತ್ತಾ ಅಂತ ಕೇಳಿದ್ದೀರಿ. ಒಂದು ಕಾಲದಲ್ಲಿ ಬರುತ್ತಿತ್ತು. ಟಿವಿಯೊಳಗಿನ ಕ್ವಾಮ್ ಟ್ಯೂನರ್, ಅಂದರೆ ಡಿಜಿಟಲ್ ಕೇಬಲ್ ಸಿಗ್ನಲ್ ಹಿಡಿಯುವ ಭಾಗ, ಲೋಕಲ್ ಚಾನೆಲ್‌ಗಳನ್ನು ಹಿಡಿಯುತ್ತಿತ್ತು. 2012ರಲ್ಲಿ ಅಮೆರಿಕದ ಸಂಪರ್ಕ ನಿಯಂತ್ರಣ ಸಂಸ್ಥೆ ಎಫ್‌ಸಿಸಿಯವರು ಬೇಸಿಕ್ ಚಾನೆಲ್‌ಗಳಿಗೂ ಬೀಗ (ಎನ್‌ಕ್ರಿಪ್ಶನ್) ಹಾಕಲು ಕೇಬಲ್ ಕಂಪನಿಗಳಿಗೆ ಒಪ್ಪಿಗೆ ಕೊಟ್ಟರು. ಆಮೇಲೆ ಆ ದಾರಿ ಹೆಚ್ಚುಕಡಿಮೆ ಮುಚ್ಚಿತು.

ಕೇಬಲ್‌ಕಾರ್ಡ್ (ಬಾಕ್ಸ್ ಬದಲು ಸಾಧನಕ್ಕೆ ಸಿಕ್ಕಿಸಿ ಆ ಬೀಗ ತೆಗೆಯುವ ಕಾರ್ಡ್) ಕೊಳ್ಳಿ ಅಂತ ಯಾರಾದರೂ ಹೇಳಿದರೆ ದುಡ್ಡು ಹಾಕಬೇಡಿ. ಕೇಬಲ್ ಕಂಪನಿಗಳು ಅದನ್ನು ಕೊಡಲೇಬೇಕೆಂಬ ನಿಯಮ 2020ರಲ್ಲೇ ಹೋಯಿತು.

ಈಗ ಸುಲಭದ ದಾರಿ ಕಂಪನಿಯ ಆ್ಯಪ್. ಎಕ್ಸ್‌ಫಿನಿಟಿ, ಸ್ಪೆಕ್ಟ್ರಮ್ ಎಂಬ ಕೇಬಲ್ ಸೇವೆಗಳೆರಡರ ಆ್ಯಪ್‌ಗಳೂ ರೋಕುವಿನಲ್ಲಿ (ಟಿವಿಗೆ ಸಿಕ್ಕಿಸಿ ಇಂಟರ್ನೆಟ್ ಮೂಲಕ ಆ್ಯಪ್ ನೋಡುವ ಪುಟ್ಟ ಸಾಧನ) ನಡೆಯುತ್ತವೆ. ನಿಮ್ಮ ಕಂಪನಿಯದು ಯಾವುದರಲ್ಲಿ ನಡೆಯುತ್ತದೆ ಅಂತ ಮೊದಲು ಕೇಳಿ, ಆಮೇಲೆ ರೋಕು ಕೊಳ್ಳಿ. ಬಾಕ್ಸ್ ವಾಪಸ್ ಕೊಟ್ಟಾಗ ರಸೀದಿ ಮರೆಯಬೇಡಿ. ನಾನು ಮರೆತು ಮೂರು ತಿಂಗಳು ಸುಮ್ನೆ ಬಾಡಿಗೆ ಕಟ್ಟಿದ್ದೇನೆ!

ಆದರೆ ನೀವು ನೋಡುವುದು ಎಬಿಸಿ, ಎನ್‌ಬಿಸಿ, ಸಿಬಿಎಸ್, ಫಾಕ್ಸ್, ಪಿಬಿಎಸ್‌ನಂಥ ಗಾಳಿಯಲ್ಲಿ ಉಚಿತವಾಗಿ ಬರುವ ಚಾನೆಲ್‌ಗಳಷ್ಟೇ ಆದರೆ ಕೇಬಲ್ಲೇ ಯಾಕೆ? ಒಂದು ಆಂಟೆನಾ ತನ್ನಿ. ತಿಂಗಳ ಬಿಲ್ಲೇ ಇಲ್ಲ. ಚಿತ್ರ ಕೇಬಲ್‌ಗಿಂತ ಚೆನ್ನಾಗಿರುವುದೂ ಉಂಟು, ಏಕೆಂದರೆ ಕೇಬಲ್‌ನವರು ಸಿಗ್ನಲ್ಲನ್ನು ಇನ್ನಷ್ಟು ಹಿಂಡಿ ಕಳಿಸುವುದಿದೆ. ನ್ಯೂಯಾರ್ಕ್ ಚಾನೆಲ್‌ಗಳು ಹೊರಡುವುದು ಮ್ಯಾನ್‌ಹ್ಯಾಟನ್‌ನ ಎತ್ತರದ ಕಟ್ಟಡಗಳ ಮೇಲಿಂದ. ನಿಮಗೆ ಅದು ಈಶಾನ್ಯ ದಿಕ್ಕು. ಆ ಕಡೆಯ ಕಿಟಕಿಗೆ ಆಂಟೆನಾ ಅಂಟಿಸಿ, ಮೆನುವಿನಲ್ಲಿ 'ಕೇಬಲ್' ಬದಲು 'ಆಂಟೆನಾ' ಆರಿಸಿ ಸ್ಕ್ಯಾನ್ ಮಾಡಿ. ನೆಲಮಹಡಿಯಲ್ಲಿದ್ದರೆ ಸ್ವಲ್ಪ ಕಷ್ಟ, ಜಾಗ ಬದಲಿಸಿ ನೋಡಬೇಕು. ನಿಮ್ಮದು ಎಷ್ಟನೇ ಮಹಡಿ?