ಸೂಜಿ ಮುಟ್ಟಿಲ್ಲ, ಬರೀ ಹೊಗೆ ಎಳೆದಿದ್ದು. ಆದ್ರೂ ಮಿದುಳಿಗೆ ಪೆಟ್ಟು ಬೀಳುತ್ತಾ?

ನಿಮ್ಮ ತಮ್ಮ ಬ್ರೌನ್ ಶುಗರ್ (ಒಂದು ಬಗೆಯ ಹೆರಾಯಿನ್) ಬಿಟ್ಟು ಎರಡು ವಾರ ಆಯ್ತು ಅಂತಾನೆ. ಮೊದಲು ಫಾಯಿಲ್ ಮೇಲೆ ಕಾಯಿಸಿ ಹೊಗೆ ಎಳೆಯುತ್ತಿದ್ದ. ಈಗ ನಡೆಯುವಾಗ ತೂರಾಡುತ್ತಾನೆ, ನಾಲಿಗೆ ತೊದಲುತ್ತದೆ. ಮನೆಯವರು ‘ಕದ್ದು ಮತ್ತೆ ಶುರು ಮಾಡಿದ್ದಾನೆ’ ಅಂತಿದ್ದಾರೆ. ಬೇರೆ ಏನಾದ್ರೂ ಇರಬಹುದಾ ಅಂತ ನೀವು ಕೇಳಿದ್ದೀರಿ.

ಇರಬಹುದು. ಈ ಹೊಗೆ ಎಳೆದವರ ಮಿದುಳಿಗೆ ಬರುವ ಒಂದು ಕಾಯಿಲೆ ಇದೆ. ಜಗಳ ಆಮೇಲೆ ಇದ್ದೇ ಇರುತ್ತೆ, ಇವತ್ತೇ ನರರೋಗ ವಿಭಾಗ ಇರುವ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ನಾನು ರೇಡಿಯಾಲಜಿಸ್ಟ್, ದಿನವಿಡೀ ಎಂಆರ್‌ಐ ನೋಡುವುದೇ ಕೆಲಸ. ಸೂಜಿ ಇಲ್ಲದಿದ್ರೆ ಅಪಾಯ ಇಲ್ಲ ಅನ್ನೋ ನಂಬಿಕೆ ಜಾಸ್ತಿ. ಎಚ್‌ಐವಿ, ಹೆಪಟೈಟಿಸ್ ಮಟ್ಟಿಗೆ ಅದರಲ್ಲಿ ಅರ್ಧ ಸತ್ಯ ಇದೆ. ಆದರೆ ನಾನು ಹೇಳುತ್ತಿರುವ ಕಾಯಿಲೆ ಹೆಚ್ಚಾಗಿ ಕಂಡಿರುವುದೇ ಹೊಗೆ ಎಳೆಯುವವರಲ್ಲಿ. 1982ರಲ್ಲಿ ನೆದರ್‌ಲ್ಯಾಂಡ್ಸ್ ವೈದ್ಯರು ಇಂಥ 47 ಜನರ ಬಗ್ಗೆ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದರು. ಅವರಲ್ಲಿ 11 ಜನ ತೀರಿಕೊಂಡಿದ್ದರು. ವೈದ್ಯರ ಬಾಯಲ್ಲಿ ಇದು ಲ್ಯೂಕೋಎನ್‌ಸೆಫಲೋಪತಿ, ಅಂದ್ರೆ ಮಿದುಳಿನ ಬಿಳಿ ಭಾಗದ ಕಾಯಿಲೆ.

ಸ್ಕ್ಯಾನ್‌ನಲ್ಲಿ ಕಾಣುವುದು ಹೀಗೆ. ನಾವು ನೋಡುವ ಒಂದು ಬಗೆಯ ಚಿತ್ರದಲ್ಲಿ ಮಿದುಳಿನ ಒಳಗಿನ ಬಿಳಿ ಭಾಗ, ಅಂದ್ರೆ ನರತಂತುಗಳು ಹಾದುಹೋಗುವ ಜಾಗ, ಮಂದ ಬೂದು ಬಣ್ಣಕ್ಕಿರಬೇಕು. ಇಲ್ಲಿ ಅದು ಬೆಳ್ಳಗೆ ಹೊಳೆಯುತ್ತದೆ. ಮುಖ್ಯವಾಗಿ ಕಿರುಮಿದುಳಿನಲ್ಲಿ ಮತ್ತು ಮಿದುಳಿನ ಹಿಂಭಾಗದಲ್ಲಿ. ಎಡ ಬಲ ಎರಡೂ ಕಡೆ ಒಂದೇ ಅಳತೆ. ಪಾರ್ಶ್ವವಾಯುವಿನಲ್ಲಿ ಸಾಮಾನ್ಯವಾಗಿ ಇಷ್ಟು ಸರಿಸಮವಾಗಿ ಇರಲ್ಲ. ನರತಂತುಗಳ ಮೇಲಿನ ಮಯಲಿನ್ ಹೊದಿಕೆಯೊಳಗೆ ಸಣ್ಣ ಸಣ್ಣ ಗುಳ್ಳೆ ಎದ್ದು, ಅದು ಸ್ಪಂಜಿನಂತೆ ತೂತು ತೂತಾಗಿರುತ್ತದೆ. ದೇಹದ ಸಮತೋಲನ ನೋಡಿಕೊಳ್ಳುವುದು ಕಿರುಮಿದುಳು. ಹಾಗಾಗಿಯೇ ಮೊದಲು ನಡಿಗೆ, ಮಾತು ಕೆಡುವುದು. ನೋಡುವವರಿಗೆ ಥೇಟ್ ನಶೆಯಲ್ಲಿ ಇದ್ದ ಹಾಗೇ! ಮುಂದೆ ಕೈಕಾಲು ಬಿಗಿಯಬಹುದು, ನಡುಗಬಹುದು. ತೀರಾ ಕೆಟ್ಟರೆ ಮಾತೇ ನಿಂತು ಹಾಸಿಗೆ ಹಿಡಿಯುತ್ತಾರೆ.

ಚಟ ಬಿಟ್ಟ ಮೇಲೂ ಇದು ಶುರುವಾಗಬಹುದು, ಶುರುವಾದದ್ದು ವಾರಗಟ್ಟಲೆ ಏರುತ್ತಲೂ ಹೋಗಬಹುದು. ಅದಕ್ಕೇ ‘ಬಿಟ್ಟಿದ್ದೀನಿ’ ಅನ್ನೋ ಅವನ ಮಾತನ್ನು ಸುಮ್ನೆ ತಳ್ಳಿಹಾಕಬೇಡಿ. ಕಾಯಿಸುವಾಗ ಹುಟ್ಟುವ ಯಾವುದೋ ವಿಷ ಇದಕ್ಕೆ ಕಾರಣ ಅನ್ನೋ ಅನುಮಾನ ಇದೆ. ಆ ವಿಷ ಯಾವುದು ಅಂತ ಇನ್ನೂ ಪತ್ತೆಯಾಗಿಲ್ಲ. ಕಾಯಿಲೆ ಅಪರೂಪದ್ದೇ. ಎಳೆಯುವವರಿಗೆಲ್ಲಾ ಬರಲ್ಲ. ಎಷ್ಟು ಎಳೆದರೆ ಬರುತ್ತೆ ಅಂತ ಲೆಕ್ಕ ಹಾಕೋಕೂ ಆಗಲ್ಲ.

ಇನ್ನೊಂದು ವಿಷಯ ಅವನನ್ನೇ ಕೇಳಿ. ಈ ನಡುವೆ ಓವರ್‌ಡೋಸ್ ಆಗಿ ಉಸಿರು ಕಟ್ಟಿ ಪ್ರಜ್ಞೆ ತಪ್ಪಿತ್ತಾ? ಹಾಗೆ ಆಮ್ಲಜನಕ ಸಿಗದೆ ಹೋದವರು ಚೇತರಿಸಿಕೊಂಡು, ಎರಡು ಮೂರು ವಾರ ಚೆನ್ನಾಗಿದ್ದು, ಮತ್ತೆ ಕುಸಿಯುವುದುಂಟು. ಅಲ್ಲೂ ಇದೇ ಬಿಳಿ ಭಾಗಕ್ಕೆ ಹಾನಿ. ಸ್ಕ್ಯಾನ್ ನೋಡುವವರಿಗೆ ಈ ವಿಷಯ ಗೊತ್ತಿರಬೇಕು.

ಖಚಿತವಾಗಿ ಗುಣಪಡಿಸುವ ಔಷಧ ಇಲ್ಲ. ಕೋಎಂಜೈಮ್ ಕ್ಯೂ10 ಕೊಟ್ಟು ನೋಡಿದ್ದಾರೆ, ಕೆಲವರಿಗೆ ಅನುಕೂಲ ಆದಂತೆ ಕಂಡಿದೆ. ಫಿಸಿಯೋಥೆರಪಿ ಬೇಕೇ ಬೇಕು. ತಿಂಗಳುಗಟ್ಟಲೆ ಹಿಡಿದರೂ ಎದ್ದು ಓಡಾಡಿದವರಿದ್ದಾರೆ.

ಪೊಲೀಸ್ ಕೇಸಿನ ಭಯ ಇದ್ದರೆ ಒಂದು ಮಾತು. ಮಾನ್ಯತೆ ಪಡೆದ ಕೇಂದ್ರಕ್ಕೆ ತಾನಾಗಿಯೇ ಚಿಕಿತ್ಸೆಗೆ ಬಂದ ವ್ಯಸನಿಗೆ, ಸೇವನೆ ಅಥವಾ ಸಣ್ಣ ಪ್ರಮಾಣದ ಮಾದಕ ವಸ್ತುವಿನ ಕೇಸಿನಿಂದ ಎನ್‌ಡಿಪಿಎಸ್ (ಮಾದಕ ವಸ್ತು ತಡೆ) ಕಾಯ್ದೆಯ 64ಎ ಕಲಂ ರಕ್ಷಣೆ ಕೊಡುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನರರೋಗ, ವ್ಯಸನ ಚಿಕಿತ್ಸೆ ಎರಡೂ ಇವೆ. ಚಟ ಬಿಡಿಸುವ ಸಹಾಯವಾಣಿ 14446.

ಡಾಕ್ಟರ ಹತ್ತಿರ ಮಾತ್ರ ಮರ್ಯಾದೆಗೆ ಅಂಜಿ ‘ಸಿಗರೇಟು ಅಷ್ಟೇ’ ಅನ್ನಬೇಡಿ. ಏನು, ಹೇಗೆ ಎಳೆದ, ಕೊನೆಯ ಸಲ ಯಾವಾಗ, ಎಲ್ಲಾ ಹೇಳಿ. ಆ ಒಂದು ಸಾಲು ಸ್ಕ್ಯಾನ್ ಚೀಟಿಯಲ್ಲಿ ಇಲ್ಲದಿದ್ರೆ, ನಾವು ಬೇರೆ ಹತ್ತು ಕಾಯಿಲೆ ಹುಡುಕುತ್ತಾ ಕೂರುತ್ತೇವೆ.